ಚಂದ್ರಶಾನ ಗುಂಡುಗಳಿಗೆ ಮೂರು ಲೇಪ

ಲೋಹದ ಮೇಲೆ ಲೇಪ ಹಚ್ಚುವುದು ಕಾಲದ ವಿರುದ್ಧ ಮನುಷ್ಯ ಹೂಡಿದ ಅತ್ಯಂತ ಹಳೆಯ ಯುದ್ಧ. ತುಕ್ಕು ಎಂಬ ಶತ್ರು ನಿದ್ರಿಸುವುದಿಲ್ಲ, ಲೇಪಕಾರನೂ ನಿದ್ರಿಸಬಾರದು. ಈ ಯುದ್ಧದಲ್ಲಿ ನನ್ನ ಪಾಲು ಇಷ್ಟು: ಕಲಬುರಗಿಯ ಒಂದು ತರಬೇತಿ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಕೆಲಸ ಕಲಿಸಿದೆ, ನಿವೃತ್ತನಾದ ಮೇಲೆ ಕೋಟನೂರಿನ ಒಂದು ಶೆಡ್ಡಿನಲ್ಲಿ ಕಬ್ಬಿಣದ ಮಂಚದ ಕಾಲುಗಳಿಗೆ ಪೌಡರ್ ಕೋಟಿಂಗ್ ಮಾಡಿದೆ, ಮತ್ತು ಪ್ರತಿ ಮಧ್ಯಾಹ್ನ ತಪ್ಪದೆ ನಿದ್ರಿಸಿದೆ.

ಪೌಡರ್ ಕೋಟಿಂಗ್ ಎಂದರೆ ಬಣ್ಣದ ಪುಡಿಯನ್ನು ವಿದ್ಯುತ್ತಿನ ಸೆಳೆತದಿಂದ ಲೋಹಕ್ಕೆ ಹಿಡಿಸಿ, ಒಲೆಯಲ್ಲಿಟ್ಟು ಬೇಯಿಸುವುದು. ಬೆಂದ ಮೇಲೆ ಅದು ಬಿಡುವುದಿಲ್ಲ. ಮಂಚ ಮುರಿಯಬಹುದು, ಮಂಚದ ಮೇಲಿನ ದಾಂಪತ್ಯ ಮುರಿಯಬಹುದು, ಬಣ್ಣ ಬಿಡುವುದಿಲ್ಲ. ಇಂಥ ವಿದ್ಯೆ ಬಲ್ಲವನಿಗೆ ತಾನು ಬೇರೆ ವಿಷಯಗಳನ್ನೂ ಬಲ್ಲೆ ಅನ್ನಿಸುವುದು ಸಹಜ. ನನ್ನ ವಿದೇಶ ಪ್ರವಾಸ ಶುರುವಾದದ್ದು ಹೀಗೆ.

ಕಮಲಾಪುರ

ಕಮಲಾಪುರದಲ್ಲಿ ಅಂಬವ್ವನಿಗೆ ಬಾಳೆಹಣ್ಣಿನ ವ್ಯಾಪಾರ. ಆ ಊರಿನ ಕೆಂಪು ಬಾಳೆಯ ಗೊನೆಗಳ ನಡುವೆ ಕೂತು ಅವಳು ಅರವತ್ತೈದರ ವಯಸ್ಸಿನಲ್ಲೂ ನಾಲ್ಕು ಜನರನ್ನು ಏಕಕಾಲಕ್ಕೆ ಬೈಯಬಲ್ಲಳು. ನನಗೆ ಹೇಳಿ ಕಳಿಸಿದ್ದಳು. ಹೋದೆ.

"ಮಾಸ್ತರ್ರೇ, ನನ್ನ ತಮ್ಮ ಗುಂಡ ಮಾಡ್ಲಾಕತ್ತಾನಂತ್ರಿ."

"ಯಾವ ಗುಂಡ?"

"ಬಂದೂಕಿನ ಗುಂಡ್ರೀ. ಮನ್ಯಾಗ. ಒಲಿ ಮ್ಯಾಲ ಇಟ್ಟು ಕಾಸಿ ಮಾಡ್ತಾನಂತ. ಊರಾಗ ಮಂದಿ ಕೇಳ್ತಾರ, ಅಂಬವ್ವಾ, ನಿನ್ ತಮ್ಮ ಯಾ ಪಾರ್ಟಿ ಸೇರ್ಯಾನ ಅಂತ."

ಅವಳ ತಮ್ಮ ಚಂದ್ರಶಾ ನನ್ನ ಶಿಷ್ಯ. ತಾಯಿ ಇಲ್ಲದ ಅವನನ್ನು ಸಾಕಿದವಳು ಅಂಬವ್ವ; ಕೈಗೆ ಅರ ಕೊಟ್ಟು ಕಬ್ಬಿಣ ಉಜ್ಜಲು ಕಲಿಸಿದವನು ನಾನು. ಹತ್ತು ವರ್ಷ ಕೊಲ್ಲಿ ದೇಶದಲ್ಲಿ ದುಡಿದು, ಆಮೇಲೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ಸಣ್ಣ ಊರಿನ ಹಾಲಿನ ಪುಡಿ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಗೆ ಸೇರಿಕೊಂಡಿದ್ದ. ಅಲ್ಲಿ ಹುಲ್ಲುಗಾವಲಿಗೆ ಮೊಲಗಳ ಕಾಟ. ಮೊಲ ಹೊಡೆಯುವ ನೆರೆಹೊರೆಯವರ ಜೊತೆ ಹೋಗಿ ಹೋಗಿ ಬಂದೂಕಿನ ಪರವಾನಗಿ ಪಡೆದಿದ್ದ, ಕ್ಲಬ್ಬು ಸೇರಿದ್ದ. ಆ ಕ್ಲಬ್ಬಿನ ಹಳಬರು ಅಂಗಡಿಯ ಗುಂಡನ್ನು ಕೀಳಾಗಿ ಕಾಣುತ್ತಾರೆ. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ತಮ್ಮ ಗುಂಡು ತಾವೇ ಮಾಡಿಕೊಳ್ಳುತ್ತಾರೆ. ನಮ್ಮ ಹೆಂಗಸರು ಅಂಗಡಿಯ ಹಪ್ಪಳವನ್ನು ನೋಡುವ ನೋಟವೇ ಅದು.

"ಗುಂಡಿನ ಮಾತಲ್ಲರಿ ನಂದು," ಎಂದಳು ಅಂಬವ್ವ. "ಅವನ ಕೈ. ಬಲಗೈ. ಮೊನ್ನಿ ಫೋನಿನ್ಯಾಗ ನೋಡ್ದೆ, ಮಣಿಕಟ್ಟಿನಿಂದ ಕೆಳಗ ಬಾಡಿದ ಎಲಿ ಜೋತಂಗ ಜೋತು ಬಿದ್ದದ. ಎತ್ತು ಅಂದ್ರ ಎಡಗೈಲಿ ಹಿಡದು ಎತ್ತತಾನ. ಡಾಕ್ಟರು ಮೈಯಾಗ ಸೀಸ ಸೇರ್ಯಾದ ಅಂದಾರಂತ. ಗುಂಡ ಮಾಡದು ಬಿಡು ಅಂದಾರಂತ. ಇಂವ ಬಿಡವಲ್ಲ. ನೀವು ಹೇಳಿದ್ರ ಕೇಳ್ತಾನ. ಹೋಗ್ರಿ."

"ಫೋನಿನಲ್ಲೇ ಹೇಳ್ತೀನಲ್ಲ ಅಂಬವ್ವಾ."

"ಫೋನಿನ್ಯಾಗ ನಾ ಹೇಳಿಲ್ಲೇನ್ರಿ? ಕಸ್ತೂರಿ ಹೇಳಿಲ್ಲೇನು? ನೀವು ಎದುರು ನಿಂತು ಹೇಳ್ರಿ. ನಿಮ್ಮ ಮುಂದ ಅಂವ ಇವತ್ತಿಗೂ ಕುರ್ಚಿ ಮ್ಯಾಲ ಕೂಡಲ್ಲ."

ಕಸ್ತೂರಿ ಎಂದರೆ ಚಂದ್ರಶಾನ ಹೆಂಡತಿ. ಅವಳಿಗೆ ಫೋನು ಹಚ್ಚಿ ಕೇಳಿದೆ. ವಿಷಯ ಅಂಬವ್ವ ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಕೈ ಬಿದ್ದದ್ದರಿಂದ ಕಾರ್ಖಾನೆ ಅವನನ್ನು ರಜೆಯ ಮೇಲೆ ಕೂರಿಸಿತ್ತು. ಮುಂದಿನ ರಕ್ತಪರೀಕ್ಷೆಯೊಳಗೆ ಸೀಸ ಇಳಿದರೆ ನರ ಚೇತರಿಸಬಹುದು. ಇಳಿಯದಿದ್ದರೆ ಕೈ ಹೀಗೇ ಉಳಿಯುತ್ತದೆ ಎಂದು ವೈದ್ಯರು ಹೇಳಿದ್ದರು. ಫಿಟ್ಟರನ ಬಲಗೈ ಹೋದರೆ ಉಳಿಯುವುದು ಅವನ ಹೆಸರು ಮಾತ್ರ.

ಕಲಬುರಗಿ

ಹೊರಡುವ ಮೊದಲು ಮೋಮಿನಪುರಕ್ಕೆ ಹೋಗಿ ರಸೂಲಮಿಯಾನನ್ನು ಕಂಡೆ. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವ ಮನೆತನ ಅವನದು; ಊರೆಲ್ಲ ಸ್ಟೀಲಿಗೆ ಶರಣಾದ ಮೇಲೂ ಮದುವೆ ಮನೆಗಳ ಅಡುಗೆಯ ದೊಡ್ಡ ಡೇಗುಗಳು ಅವನ ಅಂಗಡಿಗೆ ಬರುತ್ತವೆ. ಸೀಸದ ಬಗ್ಗೆ ನನಗಿಂತ ಹೆಚ್ಚು ತಿಳಿದವನು ಎಂದಲ್ಲ, ಅವನ ಅಂಗಡಿಯ ಚಹಾ ಚೆನ್ನಾಗಿರುತ್ತದೆ ಎಂದು ಹೋದೆ.

"ಸೀಸಾ?" ಎಂದ ಅವನು, ಮನೆಬಿಟ್ಟು ಹೋದ ಅಳಿಯನ ಹೆಸರು ಕೇಳಿದವನ ಹಾಗೆ. "ಬಡಾ ಕಮೀನಾ ಚೀಜ್ ಹೈ ಸಾಬ್. ನಾವು ಹಾಕಾದು ತವರ. ಕೆಲವ್ರು ಅದ್ರಾಗ ಸೀಸ ಬೆರೆಸ್ತಿದ್ರು, ಹೊಳಪು ಬರ್ಲಿ ಅಂತ. ನಮ್ ಅಬ್ಬಾ ಅಂಥಾದು ಮುಟ್ಟಿದ್ರ ಬೂದಿ ಹಚ್ಚಿ ಮೂರು ಸಲ ಕೈ ತೊಳೀದೆ ಬಾಯಿಗಿ ಏನೂ ಹಾಕ್ತಿದ್ದಿಲ್ಲ."

"ಮೂರು ಸಲ ಯಾಕೆ?"

"ಗಿನತಿ ಲೆಕ್ಕ ನಂಗೊತ್ತಿಲ್ಲ ಸಾಬ್. ಚಹಾ ಕುಡೀರಿ, ಆರ್ತದ."

ಮೂರು ಎಂಬ ಸಂಖ್ಯೆ ಬಂದೊಡನೆ ಇದು ಮೂಢನಂಬಿಕೆ ಎಂದು ತೀರ್ಮಾನಿಸಿದೆ. ವಿಜ್ಞಾನದ ಕಡೆಯವನಾದ ನಾನು ಅಂದು ಸಂಜೆ ಶೆಡ್ಡಿಗೆ ಹೋಗಿ ಕೆಂಪು, ಹಸಿರು, ಬಿಳಿ, ಮೂರು ಬಣ್ಣದ ಪೌಡರಿನ ಪೊಟ್ಟಣ ಕಟ್ಟಿ ಸೂಟ್‌ಕೇಸಿನ ತಳಕ್ಕೆ ಇಟ್ಟೆ. ಹೋಗುತ್ತಿದ್ದುದು ಗುಂಡು ಮಾಡುವುದನ್ನು ನಿಲ್ಲಿಸಲಿಕ್ಕೆ. ಪುಡಿ ಯಾಕೆ ಒಯ್ದೆ ಎಂದು ಆಗ ಯಾರೂ ಕೇಳಲಿಲ್ಲ.

ವಿಮಾನ ನಿಲ್ದಾಣದ ಒಂದು ಕೋಣೆ

ನ್ಯೂಜಿಲೆಂಡಿನಲ್ಲಿ ಕೇಳಿದರು.

ಪೆಟ್ಟಿಗೆ ಬಿಚ್ಚಿದ ಹುಡುಗಿ ಚಿಕ್ಕ ವಯಸ್ಸಿನವಳು. ಬಿಳಿ ಪುಡಿಯ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ಯಾತಕ್ಕೆ ಎಂದಳು. ನಾನು ಸತ್ಯವನ್ನೇ ನುಡಿಯುವವನು. "ಬಂದೂಕಿನ ಗುಂಡುಗಳಿಗೆ ಹಚ್ಚಲಿಕ್ಕೆ," ಎಂದೆ.

ಅವಳು ತನ್ನ ಪೆನ್ನನ್ನು ಮಗುವನ್ನು ಮಲಗಿಸಿದಷ್ಟು ಮೆಲ್ಲಗೆ ಮೇಜಿನ ಮೇಲಿಟ್ಟು ಎದ್ದು ಹೋದಳು. ಎರಡು ತಾಸು ಒಂದು ಕೋಣೆಯಲ್ಲಿ ಕೂತೆ. ನಮ್ಮ ಕಡೆ ಇಂಥ ಕೋಣೆಗೆ ಒಂದು ಬೆಂಚು, ಒಂದು ಬೈಗುಳ ಇರುತ್ತವೆ. ಇಲ್ಲಿ ಮೆತ್ತನೆಯ ಕುರ್ಚಿ ಕೊಟ್ಟು, ನೀರು ಬೇಕೇ ಎಂದು ಮೂರು ಸಲ ಕೇಳಿದರು. ಇದರಿಂದ ಭಯ ಹೆಚ್ಚಾಯಿತು.

ಕೊನೆಗೆ ನೆರೆತ ಮೀಸೆಯ ಹಿರಿಯ ಅಧಿಕಾರಿಯೊಬ್ಬ ಬಂದ. ಪುಡಿಯ ಪರೀಕ್ಷೆ ಮುಗಿದಿತ್ತು. ಎದುರು ಕೂತು, ದನಿ ತಗ್ಗಿಸಿ, "ಒಲೆಯ ಬಿಸಿ ಎಷ್ಟು ಇಡುತ್ತೀರಿ?" ಎಂದು ಕೇಳಿದ. ಅವನೂ ಮನೆಯಲ್ಲಿ ಗುಂಡು ಎರಕ ಹೊಯ್ಯುವವನಂತೆ. "ಗುಂಡಿಗೆ ನಾನಿನ್ನೂ ಜೇನುಮೇಣ ಹಚ್ಚುವವನೇ," ಎಂದು ತನ್ನ ಮತವನ್ನೂ ಹೇಳಿಕೊಂಡ. ಕೈ ಕುಲುಕಿ ಪುಡಿಯ ಮೂರೂ ಪೊಟ್ಟಣ ವಾಪಸು ಕೊಟ್ಟ. ಆಮೇಲೆ ಅಂಬವ್ವ ಕಟ್ಟಿಕೊಟ್ಟಿದ್ದ ಆರು ಕೆಂಪು ಬಾಳೆಹಣ್ಣು ಕಣ್ಣಿಗೆ ಬಿದ್ದು ಅವನ ಮುಖ ಗಂಭೀರವಾಯಿತು. ಅವುಗಳನ್ನು ಹಳದಿ ಚೀಲದಲ್ಲಿ ಹಾಕಿ, ಗಂಟು ಕಟ್ಟಿ, ಕೈಗವಸು ಹಾಕಿದ ಇನ್ನೊಬ್ಬ ಒಯ್ದ. ಗುಂಡಿನ ಸಾಮಗ್ರಿಯಿಂದ ಆ ದೇಶಕ್ಕೆ ಅಪಾಯವಿಲ್ಲ. ಅಪಾಯವಿದ್ದದ್ದು ಕಮಲಾಪುರದ ಬಾಳೆಹಣ್ಣಿನಿಂದ.

ಹಾಲಿನ ಊರು

ಕಲಬುರಗಿಯಲ್ಲಿ ಡಾಂಬರು ಕರಗುತ್ತಿದ್ದ ತಿಂಗಳಲ್ಲಿ ಇಲ್ಲಿ ನೀರಿನ ಬಕೆಟ್ಟು ಹೆಪ್ಪುಗಟ್ಟುತ್ತಿತ್ತು. ಊರಿಗೆ ಒಂದೇ ಬೀದಿ, ಒಂದು ಕಾರ್ಖಾನೆಯ ಚಿಮಣಿ, ಉಳಿದದ್ದೆಲ್ಲ ಹುಲ್ಲು. ಮನೆಗಳ ಗೇಟಿಗೆ ಮೊಟ್ಟೆಯ ಪೆಟ್ಟಿಗೆ ಇಟ್ಟು ಒಡೆಯರು ಒಳಗೆ ಹೋಗಿಬಿಡುತ್ತಾರೆ. ಬೇಕಾದವರು ದುಡ್ಡು ಇಟ್ಟು ತೆಗೆದುಕೊಂಡು ಹೋಗಬೇಕು. ಕಾವಲಿಲ್ಲ, ಕೂಗಿಲ್ಲ. ಜನ ಎಷ್ಟು ಮಿತಭಾಷಿಗಳೆಂದರೆ ಪಕ್ಕದ ಮನೆಯ ಗ್ರಹಾಂ ಎಂಬ ವೃದ್ಧ, ಕುರಿ ಸತ್ತರೂ ಮೊಮ್ಮಗ ಹುಟ್ಟಿದರೂ ಒಂದೇ ಮಾತು ಹೇಳುತ್ತಿದ್ದ: "ಪರವಾಗಿಲ್ಲ."

ಚಂದ್ರಶಾ ಬಾಗಿಲಲ್ಲಿ ನಿಂತು ನನ್ನ ಕಾಲು ಮುಟ್ಟಲು ಬಗ್ಗಿದ. ಎಡಗೈ ನನ್ನ ಪಾದಕ್ಕೆ ತಾಗಿತು. ಬಲಗೈ ನೆಲದ ಮೇಲೆ ಅಂಗಾತ ಬಿದ್ದುಕೊಂಡಿತ್ತು. ಅವನೇ ಅದನ್ನು ಇನ್ನೊಂದು ಕೈಯಿಂದ ಎತ್ತಿ ನನ್ನ ಪಾದದ ಮೇಲಿಟ್ಟ.

"ವಯಸ್ಸಿಂದು ಅದ ಸರ," ಎಂದ. "ಐವತ್ತೆಂಟಾಯ್ತಲ್ಲ."

"ನನಗ ಎಪ್ಪತ್ತು. ನನ್ನ ಕೈ ನೋಡು."

"ನಿಮ್ದು ಬ್ಯಾರೆ ಸರ. ನೀವು ಜವಾರಿ."

ಕಸ್ತೂರಿ ಒಳಗಿನಿಂದ, "ಸರ ಬಂದಾರ, ಇನ್ನ ನೆಪ ಹೇಳ್ರಿ ನೋಡೋಣ," ಎಂದಳು. ಆ ಸಲಿಗೆಯ ಹಿಂದೆ ಎಷ್ಟು ದಿನದ ಅಳು ಇತ್ತೆಂದು ಅವಳು ಬಡಿಸುವಾಗ ಮುಖ ನೋಡಿ ತಿಳಿಯಿತು. ಚಂದ್ರಶಾ ಚಮಚ ಮುಟ್ಟುವುದಿಲ್ಲ, ಎಡಗೈಯಲ್ಲಿ ಉಣ್ಣುವುದೂ ಇಲ್ಲ. ಮಣಿಕಟ್ಟಿಗೆ ಮರದ ಪಟ್ಟಿ ಕಟ್ಟಿಕೊಂಡು, ರೊಟ್ಟಿ ಮುರಿದು, ತಟ್ಟೆಗೇ ಬಾಯಿ ತಂದು ಉಣ್ಣುತ್ತಿದ್ದ.

ಊಟ ಆದಮೇಲೆ ಹೇಳಿದೆ: "ಚಂದ್ರಶಾ, ಇದನ್ನ ಬಿಟ್ಟುಬಿಡು."

"ಆಯ್ತು ಸರ. ಆದ್ರ ಒಮ್ಮಿ ನೋಡ್ರಿ. ನೋಡಿ ಹೇಳ್ರಿ. ನೋಡ್ದೆ ಫೇಲ್ ಮಾಡೋರಲ್ಲ ನೀವು."

ನೋಡಿದೆ. ಇಲ್ಲಿಂದ ನನ್ನ ಪತನದ ಕಥೆ.

ಗ್ಯಾರೇಜು

ಬರಿಯ ಸೀಸದ ಗುಂಡು ಹಾರುವಾಗ ನಳಿಗೆಯ ಒಳಗೋಡೆಗೆ ತನ್ನನ್ನೇ ಸವರಿಕೊಂಡು ಹೋಗುತ್ತದೆ. ನಾಲ್ಕು ಸಲ ಹಾರಿಸಿದರೆ ನಳಿಗೆ ಹೊಗೆಗೊಳವೆಯಂತೆ ಕಟ್ಟಿಕೊಳ್ಳುತ್ತದೆ, ಗುರಿ ತಪ್ಪುತ್ತದೆ. ಆದ್ದರಿಂದ ಗುಂಡಿಗೆ ಏನಾದರೂ ಹಚ್ಚಬೇಕು. ಏನು ಹಚ್ಚಬೇಕು ಎಂಬುದರ ಬಗ್ಗೆ ಆ ಕ್ಲಬ್ಬಿನಲ್ಲಿ ಮೂರು ಪಂಗಡ, ಮೂರಕ್ಕೂ ಪರಸ್ಪರ ಮಾತು ಕಡಿಮೆ. ಮೊದಲನೆಯವರು ಜೇನುಮೇಣಕ್ಕೆ ಕೊಬ್ಬು ಬೆರೆಸಿ ಗುಂಡಿನ ಗೀರುಗಳಿಗೆ ಬೆರಳಿನಿಂದ ಒತ್ತುವವರು. ಎರಡನೆಯವರು ಕಾಕಂಬಿಯಂಥ ಒಂದು ಕಂದು ದ್ರವದಲ್ಲಿ ಗುಂಡುಗಳನ್ನು ಹೊರಳಾಡಿಸಿ ಕಾಗದದ ಮೇಲೆ ಒಣಹಾಕುವವರು. ಮೂರನೆಯವರು ಪುಡಿಯವರು: ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡು, ಬಣ್ಣದ ಪುಡಿ ಹಾಕಿ ಮಂಡಕ್ಕಿ ಒಗ್ಗರಣೆ ಕಲಸಿದ ಹಾಗೆ ಕುಲುಕಿ, ಹಳೆಯ ಬ್ರೆಡ್ಡಿನ ಒಲೆಯಲ್ಲಿ ಬೇಯಿಸುವವರು.

ಚಂದ್ರಶಾ ಕಂದು ದ್ರವದವನು. ಗುಂಡುಗಳನ್ನು ನನ್ನ ಅಂಗೈ ಮೇಲೆ ಹಾಕಿದ. ಅಂಟು, ಧೂಳು, ನಾಯಿಯ ಎರಡು ಕೂದಲು. ನನ್ನ ಕೈ ಕಪ್ಪಾಯಿತು. ಮೂವತ್ತೊಂದು ವರ್ಷದ ಮೇಷ್ಟ್ರು ಎದ್ದು ನಿಂತ.

"ಏನಿದು? ಇದನ್ನ ಲೇಪ ಅಂತಾರೇನು? ನನ್ನ ಹತ್ರ ಕಲಿತು ಇದನ್ನ ಮಾಡ್ತಿಯಾ?"

ಅವನು ತಲೆ ತಗ್ಗಿಸಿದ. ಸೂಟ್‌ಕೇಸಿನ ತಳದಿಂದ ಪೊಟ್ಟಣ ತಂದೆ.

ನನ್ನ ತರ್ಕ ದೋಷವಿಲ್ಲದ್ದಾಗಿತ್ತು. ಸೀಸ ಕೈಯಿಂದ ಮೈಗೆ ಹೋಗುತ್ತದೆ. ಗುಂಡಿಗೆ ಬೆಂದ ಪುಡಿಯ ಲೇಪವಿದ್ದರೆ ಸೀಸ ಕೈಗೆ ಹತ್ತುವುದಿಲ್ಲ. ಆದ್ದರಿಂದ ನಿಲ್ಲಿಸಬೇಕಾದದ್ದು ಗುಂಡನ್ನಲ್ಲ, ಕೆಟ್ಟ ಲೇಪವನ್ನು. ಕಸ್ತೂರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಷ್ಟನ್ನೂ ಕೇಳಿದಳು.

"ನೀವು ನಿಲ್ಲಸ್ಲಾಕ ಬಂದೀರಿ ಅಂತ ಮಾಡಿದ್ದೆ, ಸರ."

"ನಿಲ್ಲಿಸೋದು ಸುಲಭವ್ವ. ಸರಿ ಮಾಡೋದು ಕಷ್ಟ."

ಬಾಯಿಂದ ಬಂದ ಕೂಡಲೇ ಈ ಮಾತು ನನಗೇ ಬಹಳ ಹಿಡಿಸಿತು.

ಹೋಲಿಕೆ ಸರಿಯಾಗಿ ಆಗಬೇಕೆಂದರೆ ಪ್ರತಿ ಬಗೆಗೂ ಸಾಕಷ್ಟು ಗುಂಡು ಬೇಕು. ಚಂದ್ರಶಾ ಒಂದು ವಾರದಲ್ಲಿ ಹೊಯ್ಯುತ್ತಿದ್ದಷ್ಟನ್ನು ದಿನಕ್ಕೆ ಹೊಯ್ಯತೊಡಗಿದ. ಚಳಿ ತಡೆಯದೆ ಗ್ಯಾರೇಜಿನ ಶಟರು ಎಳೆದುಕೊಂಡೆವು. ಗ್ಯಾಸಿನ ಒಲೆಯ ಮೇಲೆ ಕಬ್ಬಿಣದ ಬೋಗುಣಿ, ಅದರಲ್ಲಿ ಹಳೆಯ ಕಾರುಚಕ್ರಗಳಿಗೆ ತೂಕ ಸರಿದೂಗಿಸಲು ಸಿಕ್ಕಿಸಿದ್ದ ಸೀಸದ ತುಂಡುಗಳು ಕರಗಿ ಪಾದರಸದಂತೆ ತೂಗಾಡುತ್ತಿದ್ದವು. ಅವನು ಎಡಗೈಯಿಂದ ಸೌಟು ಹಿಡಿದು ಅಚ್ಚಿಗೆ ಹೊಯ್ದು, ತಟ್ಟಿ, ಒದ್ದೆ ಬಟ್ಟೆಯ ಮೇಲೆ ಉದುರಿಸುತ್ತಿದ್ದ. ಪುಡಿ ಹಿಡಿಸುವುದು, ಬೇಯಿಸುವುದು ನನ್ನ ಇಲಾಖೆ. ಒಲೆಯ ಮುಳ್ಳು ಸುಳ್ಳು ಹೇಳುತ್ತಿತ್ತು. ಬೇರೆ ಥರ್ಮಾಮೀಟರು ತೂಗುಹಾಕಿದೆ. ಮೊದಲ ಸಲ ಪುಡಿ ಸುಟ್ಟು ಗುಂಡುಗಳು ಹುರಿದ ಬದನೆಕಾಯಿಯಾದವು. ಎರಡನೆಯ ಸಲ ಒಂದಕ್ಕೊಂದು ಅಂಟಿ ದಾಳಿಂಬೆಯಾಯಿತು. ಮೂರನೆಯ ಸಲ ಒಲೆಯಿಂದ ಹೊರಬಂದದ್ದು ಕುಂಕುಮದ ಭರಣಿಯ ಹಾಗೆ ಹೊಳೆಯುವ ಅರವತ್ತು ಗುಂಡು. ಗ್ರಹಾಂ ಬಂದು ಒಂದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದ. ಬಣ್ಣ ಬಿರಿಯಲಿಲ್ಲ. "ಪರವಾಗಿಲ್ಲ," ಎಂದ. ಚಂದ್ರಶಾ ನನ್ನ ಕಿವಿಯಲ್ಲಿ, "ಸರ, ಅಂವ ಇಷ್ಟು ಹೊಗಳಿದ್ದು ನಾ ನೋಡೇ ಇಲ್ಲ," ಎಂದ.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಮೊದಲ ನಾಲ್ಕು ದಿನ ಚಂದ್ರಶಾ ತಾಸಿಗೊಮ್ಮೆ ಗ್ಯಾರೇಜಿನಿಂದ ಮಾಯವಾಗುತ್ತಿದ್ದ. ಎಲ್ಲಿಗೆ ಎಂದರೆ, "ಕೈ ತೊಳಿಲಾಕ್ರಿ ಸರ." ಐದನೆಯ ದಿನ ಹಿಂದೆಯೇ ಹೋದೆ. ಸೌದೆಯ ಗೂಡಿನ ಹಿಂದೆ ಒಂದು ನಲ್ಲಿ. ಹಿಮದ ನೀರಿನಲ್ಲಿ ಸೋಪು ಹಚ್ಚಿ ಕೈ ಉಜ್ಜಿ ತೊಳೆದ. ಒರೆಸಿಕೊಂಡ. ಆಮೇಲೆ ಜೇಬಿನಿಂದ ತಂಬಾಕಿನ ಚೀಲ, ಸುಣ್ಣದ ಡಬ್ಬಿ ತೆಗೆದು, ಸೋತ ಬಲ ಅಂಗೈಯನ್ನು ಮೊಣಕಾಲ ಮೇಲಿಟ್ಟುಕೊಂಡು, ಎಡ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಪುಡಿ ಮಾಡಿ ತುಟಿಯ ಹಿಂದೆ ಇಟ್ಟುಕೊಂಡ. ಐವತ್ತೆಂಟು ವರ್ಷದ ಮನುಷ್ಯ, ಹೆಪ್ಪುಗಟ್ಟುವ ಚಳಿಯಲ್ಲಿ, ಮೇಷ್ಟ್ರಿಗೆ ಕಾಣದ ಹಾಗೆ ತಂಬಾಕು ಹಾಕುತ್ತಿದ್ದ. ಎಲ್ಲಿ ಹೋಗಿದ್ದಿ ಎಂದರೆ ಸುಳ್ಳು ಹೇಳಬಾರದಲ್ಲ, ಅದಕ್ಕೆ ನಿಜವಾಗಿಯೂ ಕೈ ತೊಳೆಯುತ್ತಿದ್ದ.

ಲೇತ್ ಯಂತ್ರದ ಮುಂದೆ ನಿದ್ದೆ ಬಾರದಿರಲಿ ಎಂದು ಆ ಚಟವನ್ನು ಅವನು ಹಿಡಿದದ್ದೇ ನನ್ನನ್ನು ನೋಡಿ.

"ಚಂದ್ರಶಾ."

ಅವನು ಬೆಚ್ಚಿ ಉಗುಳಲು ಹೋದ.

"ಉಗುಳಬ್ಯಾಡ. ನಾ ಬರೋ ಮೊದ್ಲು ಎಲ್ಲಿ ಹಾಕ್ಕೋತಿದ್ದಿ?"

"ಗ್ಯಾರೇಜಿನ್ಯಾಗೇ ರೀ. ಕೆಲ್ಸ ಮಾಡ್ತಾ ಮಾಡ್ತಾ."

"ಹಂಗಾರೆ ಅಲ್ಲೇ ಹಾಕ್ಕೋ. ಈ ಚಳ್ಯಾಗ ಸಾಯ್ತಿ."

"ಛೇ ಛೇ, ನಿಮ್ಮ ಮುಂದ?"

"ನಾ ಹೇಳ್ಲಾಕತ್ತೀನಿ. ನಡಿ. ನನಗೂ ಒಂದೀಟು ತಿಕ್ಕು."

ಗುರುವಾದವನು ಜೀವನದಲ್ಲಿ ಒಮ್ಮೆ ತೋರುವ ಔದಾರ್ಯ ಅದು. ಅಂದಿನಿಂದ ಬೋಗುಣಿಯ ಪಕ್ಕದಲ್ಲೇ ಕೂತು, ಸೌಟು ಕೆಳಗಿಟ್ಟ ಕೈಯಲ್ಲೇ ತಿಕ್ಕಿ, ನನಗೂ ಕೊಟ್ಟು ತಾನೂ ಹಾಕಿಕೊಳ್ಳುತ್ತಿದ್ದ. ಕಲಬುರಗಿ ಬಿಟ್ಟ ಮೇಲೆ ಅಷ್ಟು ಸುಖವಾಗಿ ನಾನು ಎಲ್ಲೂ ಕೂತಿರಲಿಲ್ಲ.

ಗುಡ್ಡದ ಬಯಲು

ಮೂರು ಬಗೆಗೆ ಇಪ್ಪತ್ತಿಪ್ಪತ್ತು ಗುಂಡು. ನೂರು ಗಜದಾಚೆ ಕಾಗದ. ಚಂದ್ರಶಾ ಬೆಂಚಿಗೆ ಕೂತು, ಬಿದ್ದ ಮಣಿಕಟ್ಟನ್ನು ಮರಳಿನ ಚೀಲದ ಮೇಲೆ ಏರಿಸಿಕೊಂಡ. ಬಂದೂಕಿನ ಕುದುರೆ ಎಳೆಯಲು ಬೇಕಾದ ಒಂದು ಬೆರಳು ಇನ್ನೂ ಅವನ ಮಾತು ಕೇಳುತ್ತಿತ್ತು. ಕ್ಲಬ್ಬಿನ ಹಳಬರು ಕಂಬಳಿ ಹೊದ್ದು ಕೂತಿದ್ದರು. ಪ್ರತಿ ಸುತ್ತಿನ ನಡುವೆ ಬಿಸ್ಕತ್ತು. ನಮ್ಮ ಕಲಬುರಗಿ ಕೋಟೆಯ ಬುರುಜಿನ ಮೇಲೆ ಮಲಗಿರುವ ತೋಪನ್ನು ಹಾರಿಸಿದ ದಿನವೂ ಇಷ್ಟು ಬಿಸ್ಕತ್ತು ಖರ್ಚಾಗಿರಲಿಕ್ಕಿಲ್ಲ.

ಮೇಣದ ಗುಂಡು ಮದುವೆ ಮನೆಯ ಒಲೆಯಂತೆ ಹೊಗೆ ಎಬ್ಬಿಸಿತು; ಹತ್ತು ಸುತ್ತಿನ ಮೇಲೆ ಗುರಿ ಚೆದುರಿತು. ಕಂದು ದ್ರವದ್ದು ಮೊದಲು ಚೆನ್ನಾಗಿ ಹೋಗಿ, ಆಮೇಲೆ ನಳಿಗೆಯಲ್ಲಿ ಗಸಿ ಬಿಟ್ಟಿತು. ಪುಡಿಯ ಕೆಂಪು ಗುಂಡು ಇಪ್ಪತ್ತೂ ಒಂದು ಅಂಗೈಯಗಲದಲ್ಲಿ ಬಿದ್ದವು. ನಳಿಗೆಗೆ ಬಿಳಿ ಬಟ್ಟೆ ತೂರಿಸಿ ಎಳೆದರು. ಬಿಳಿಯಾಗಿಯೇ ಬಂತು. ಮೇಣದ ಪಂಗಡದ ಒಬ್ಬರು ಎದ್ದು ಕಾರಿಗೆ ಹೋಗಿ ಕೂತರು.

ಚಂದ್ರಶಾ ಎಡಗೈಯಿಂದ ನನ್ನ ಕೈ ಹಿಡಿದು, "ಸರ, ಕಲಬುರ್ಗಿ ಗೆದ್ದಿತ್ರಿ," ಎಂದ. ಕ್ಲಬ್ಬಿನ ಚಳಿಗಾಲದ ಪಂದ್ಯಕ್ಕೆ ಇನ್ನಷ್ಟು ಹೊಯ್ಯೋಣ ಎಂದು ಮರುದಿನವೇ ಶಟರು ಎಳೆದೆವು.

ರಕ್ತ

ವೈದ್ಯರು ಪರೀಕ್ಷೆಯ ಕಾಗದವನ್ನು ಎರಡು ಸಲ ಓದಿದರು. ಸೀಸ ಇಳಿದಿರಲಿಲ್ಲ. ಮೊದಲಿನ ಎರಡರಷ್ಟಾಗಿತ್ತು. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಎತ್ತಲು ಹೇಳಿದರು. ಬೆಂಚಿನ ಮೇಲೆ ಕುದುರೆ ಎಳೆದಿದ್ದ ಬೆರಳು ಕೂಡ ಅಲುಗಲಿಲ್ಲ.

ಮನೆಯ ಬಾಗಿಲು ತೆಗೆಯುತ್ತ ಕಸ್ತೂರಿ, ನನ್ನ ಕಡೆ ನೋಡದೆ, "ನೀವು ಬಂದ ಮ್ಯಾಲ ಹೆಚ್ಚಾಗ್ಯಾದ, ಸರ," ಎಂದಳು. ಬೈದಂತೆ ಹೇಳಲಿಲ್ಲ. ಹಾಲು ಮುಗಿದಿದೆ ಎಂದಂತೆ ಹೇಳಿದಳು.

ಹೆಲೆನ್ ಬಂದ ದಿನ

ಮೂರನೆಯ ದಿನ ಆರೋಗ್ಯ ಇಲಾಖೆಯಿಂದ ಹೆಲೆನ್ ಎಂಬ ನರ್ಸಮ್ಮ ಬಂದಳು. ಅಗಲ ಮುಖದ, ಗಂಬೂಟಿನ, ಅವಸರವೇ ಇಲ್ಲದ ಹೆಂಗಸು. ಹೊಸ್ತಿಲಲ್ಲಿ ಬೂಟು ಕಳಚಿ, "ದಿನಾ ಮಾಡುವ ಹಾಗೆ ಎಲ್ಲವನ್ನೂ ಮಾಡಿ ತೋರಿಸಿ. ಒಲೆ ಮಾತ್ರ ಹಚ್ಚಬೇಡಿ. ನಾನು ಸುಮ್ಮನೆ ನೋಡುತ್ತೇನೆ," ಎಂದಳು.

ಮಾಡಿ ತೋರಿಸಿದೆವು. ಶಟರು ಎಳೆದೆವು. ತಣ್ಣಗಿನ ಬೋಗುಣಿಯಿಂದ ಚಂದ್ರಶಾ ಸೌಟೆತ್ತಿದ, ಅಚ್ಚು ತಟ್ಟಿದ, ನೆಲದ ಕಸವನ್ನು ಪೊರಕೆಯಿಂದ ಗುಡಿಸಿದ. ಅವಳು ಬರೆದುಕೊಳ್ಳುತ್ತಿದ್ದಳು. ನಾನು ಒಲೆಯ ಬಿಸಿಯ ಕುರಿತು ಸಣ್ಣ ಉಪನ್ಯಾಸ ಕೊಟ್ಟೆ. ಅವಳ ಪೆನ್ನು ಆಗ ನಿಂತಿತ್ತು. ಕೆಲಸ ಮುಗಿದ ಅಭ್ಯಾಸಕ್ಕೆ ಚಂದ್ರಶಾ ಬೋಗುಣಿಯ ಪಕ್ಕ ನೆಲಕ್ಕೆ ಕೂತು, ಅಂಗೈ ಮೊಣಕಾಲ ಮೇಲಿಟ್ಟು ತಿಕ್ಕತೊಡಗಿದ. ನಾನೂ ಕೈ ಚಾಚಿದೆ.

"ಅದೇನು?"

"ಏನಿಲ್ಲ," ಎಂದೆ. ನಿಜಕ್ಕೂ ನನ್ನ ಮಟ್ಟಿಗೆ ಅದು ಏನೂ ಅಲ್ಲ. ಕೆಮ್ಮಿದ ಹಾಗೆ, ಆಕಳಿಸಿದ ಹಾಗೆ.

ಅವಳು ಇನ್ನೊಮ್ಮೆ ಕೇಳಿದಳು. ಹೇಳಿದೆ. ಅವಳು ಚೀಲದಿಂದ ಸೀಸ ತಾಗಿದರೆ ಬಣ್ಣ ಬದಲಿಸುವ ಒದ್ದೆ ಬಟ್ಟೆಯ ತುಂಡು ತೆಗೆದು ಅವನ ಅಂಗೈಯನ್ನು ಒರೆಸಿದಳು. ಅದರ ಬಣ್ಣ ತಿರುಗಿತು. ಹೆಬ್ಬೆರಳು ಒರೆಸಿದಳು, ತಿರುಗಿತು. ಸುಣ್ಣದ ಡಬ್ಬಿ, ತಂಬಾಕಿನ ಚೀಲದ ಬಾಯಿ, ನನ್ನ ಅಂಗೈ: ಎಲ್ಲ ತಿರುಗಿತು. ಕೊನೆಗೆ ತಟ್ಟೆಯಲ್ಲಿದ್ದ ಒಂದು ಕೆಂಪು ಗುಂಡನ್ನು ಎತ್ತಿ ಒರೆಸಿ ಬೆಳಕಿಗೆ ಹಿಡಿದಳು. ತುಂಡು ಇದ್ದ ಹಾಗೇ ಇತ್ತು.

"ಲೇಪ ತುಂಬ ಚೆನ್ನಾಗಿದೆ," ಎಂದಳು. "ಈ ಗ್ಯಾರೇಜಿನಲ್ಲಿ ಧೈರ್ಯವಾಗಿ ಮುಟ್ಟಬಹುದಾದದ್ದು ಇದೊಂದೇ."

ಲೇಪ ಬೀಳುವ ಮೊದಲೇ ಸೀಸ ಅವನ ಕೈಯಲ್ಲಿತ್ತು. ಕರಗಿಸುವಾಗ, ಮೇಲೆ ತೇಲುವ ಕಿಟ್ಟದ ಕೆನೆ ತೆಗೆಯುವಾಗ, ಗುಡಿಸುವಾಗ. ಅದನ್ನು ಸುಣ್ಣದ ಜೊತೆ ಅರೆದು ತುಟಿಯ ಹಿಂದೆ ಇಟ್ಟುಕೊಳ್ಳುತ್ತಿದ್ದ. ಮೂವತ್ತೊಂದು ವರ್ಷ ಕಲಿಸಿದವನಿಗೆ ಹೊಳೆಯದ ಇದು ರಸೂಲಮಿಯಾನ ಅಪ್ಪನಿಗೆ ಗೊತ್ತಿತ್ತು.

"ವೈದ್ಯರು ಚಟಗಳ ಬಗ್ಗೆ ಕೇಳಿರಲಿಲ್ಲವೇ?" ಎಂದಳು ಹೆಲೆನ್.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಸ್ತೂರಿಗೆ ನಾನು ಕನ್ನಡದಲ್ಲಿ ಹೇಳಿದೆ. ಅವಳು ಕಂಗಾಲಾಗಿ, "ಕೇಳಿದ್ರಲ್ರಿ. ಸಿಗರೇಟು, ಕುಡತ ಏನರ ಅದಾವೇನು ಅಂದ್ರು. ಇವರಿಗಿ ಯಾ ಚಟಾನೂ ಇಲ್ಲ ಅಂದೆ. ತಂಬಾಕೇನ್ ಚಟೇನ್ರಿ ಸರ? ನಮ್ಮವ್ವನೂ ಹಾಕ್ತಿದ್ಳು," ಎಂದಳು.

"ಕೈ ತೊಳೆದು ಹಾಕಿಕೊಂಡದ್ದು ಎಂದೂ ಇಲ್ಲವೇ?" ಎಂದು ಹೆಲೆನ್ ಮತ್ತೆ ಕೇಳಿದಳು.

ಚಂದ್ರಶಾ ನೆಲ ನೋಡುತ್ತಿದ್ದ. ನಾನೇ ಹೇಳಬೇಕಾಯಿತು. ನಾಲ್ಕು ದಿನ, ಸೌದೆಯ ಗೂಡಿನ ಹಿಂದೆ, ಸೋಪು ಹಚ್ಚಿ ತೊಳೆದು ಹಾಕಿಕೊಳ್ಳುತ್ತಿದ್ದ ಎಂದೆ. ಅವಳ ಮುಖ ಅರಳಿತು.

"ಒಳ್ಳೆಯದು. ಅದು ಯಾಕೆ ನಿಂತಿತು?"

"ಅಲ್ಲಿಗೆ ಹೋಗಬೇಡ, ಇಲ್ಲೇ ಹಾಕಿಕೋ ಎಂದು ನಾನು ಅನುಮತಿ ಕೊಟ್ಟೆ."

"ಅನುಮತಿ? ನೀವು ಇವರಿಗೆ ಏನಾಗಬೇಕು?"

"ಗುರು."

ಅವಳು ಅದನ್ನೂ ಬರೆದುಕೊಂಡಳು.

ಆ ಸಂಜೆ ಗ್ರಹಾಂ ಬಂದು ಬೋಗುಣಿ, ಅಚ್ಚು, ಸೌಟು ಎಲ್ಲವನ್ನೂ ತನ್ನ ಗಾಡಿಗೆ ಹೇರಿಕೊಂಡು ಹೋದ. ಆ ಬಾರಿ ಪರವಾಗಿಲ್ಲ ಎನ್ನಲಿಲ್ಲ. ಚಂದ್ರಶಾ ನನ್ನ ಎದುರು ನೆಲದ ಮೇಲೆ ಕೂತಿದ್ದ.

"ನೀವು ಮನಸ್ಸಿಗಿ ಹಚ್ಕೋಬ್ಯಾಡ್ರಿ ಸರ. ನಿಮಗ ಚಳಿ ಕಾಣ್ತು, ಅಷ್ಟೇ."

"ಬೈಯಪ್ಪ ನನ್ನ. ಒಂದು ಮಾತು ಬೈ."

"ಹ್ಯಾಂಗ ಬೈಲ್ರಿ? ಬಾಯಿ ಬರಲ್ಲ."

ಮತ್ತೆ ಕಮಲಾಪುರ

ಊರಿಗೆ ಬಂದ ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಂಬವ್ವನಿಗೆ ಹೇಳಬೇಕಾದ ಮಾತಿಗೆ ಒಂದು ಚಂದದ ಹೊದಿಕೆ ಹುಡುಕಿದೆ. ಸಿಗಲಿಲ್ಲ. ಗೊನೆಗಳ ನಡುವೆ ಕೂತು ಎಲ್ಲವನ್ನೂ ಹಾಗೇ ಹೇಳಿದೆ: ಪುಡಿ, ಗೆಲುವು, ನಲ್ಲಿ, ಅನುಮತಿ.

ಒಬ್ಬ ಗಿರಾಕಿ ಬಂದು ಕಾದು ನಿಂತ. ಅವಳು ಅವನನ್ನು ನೋಡಲಿಲ್ಲ.

"ನಿಮ್ಮ ಮಾತು ಕೇಳ್ದ ಅಂದ್ರ," ಎಂದಳು.

"ಹೂಂ, ಅಂಬವ್ವಾ."

"ನಿಮ್ಮ ಮಾತು ಕೇಳ್ತಾನ ಅಂತನೇ ಕಳಿಸಿದ್ದೆ ನಾನು."

ಸೆರಗಿನಿಂದ ಮುಖ ಒರೆಸಿಕೊಂಡು, ಗಿರಾಕಿಗೆ ಎಷ್ಟು ಬೇಕು ಎಂದು ಕೇಳಿದಳು. ನನಗೆ ಕೂತಿರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ಮಧ್ಯಾಹ್ನದ ತನಕ ಕೂತಿದ್ದು ಬಂದೆ.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಚಂದ್ರಶಾನ ರಕ್ತದಲ್ಲಿ ಸೀಸ ಇಳಿದಿತ್ತು. ಬಲ ಮಣಿಕಟ್ಟು ಮೇಲೇಳಲಿಲ್ಲ. ಕಾರ್ಖಾನೆ ಅವನ ಜಾಗಕ್ಕೆ ಬೇರೆ ಫಿಟ್ಟರನ್ನು ತೆಗೆದುಕೊಂಡಿದೆ.